ಕಾಲವನ್ನು ಎಣಿಸಿ ನೋಡೋಣ: ಇಪ್ಪತ್ತು ಚೀಟಿ, ಒಂದು ಗ್ರಾಫ್ ಶೀಟ್

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಆ ದೊಡ್ಡ ಆಂಟೆನಾಗಳು ಚೆನ್ನಾಗಿ ಗೊತ್ತು. ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಇಲ್ಲಿ ಕೂತೇ ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಭೂಮಿಯ ಜೊತೆಗೇ ತಿರುಗುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳನ್ನು, ನೋಡಿಕೊಳ್ಳುತ್ತಾರೆ. ಆ ಉಪಗ್ರಹಗಳು ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಇಲ್ಲಿಂದ ಹೊರಟ ಸಂಕೇತ ಅಲ್ಲಿಗೆ ತಲುಪಲು ಸುಮಾರು 0.12 ಸೆಕೆಂಡ್ ಬೇಕು, ವಾಪಸ್ ಬರಲು ಇನ್ನೊಂದು 0.12.

ಈಗ ಒಂದು ವಿಷಯ ಯೋಚಿಸಿ. ನೀವು ಇಲ್ಲಿ ಗುಂಡಿ ಒತ್ತಿದ ಕ್ಷಣಕ್ಕೆ ಹಿಂದೆಯೋ ಮುಂದೆಯೋ, 0.12 ಸೆಕೆಂಡಿನ ಒಳಗೆ, ಆ ಉಪಗ್ರಹದಲ್ಲಿ ಏನೋ ಆಯಿತು ಅಂದುಕೊಳ್ಳಿ. ಅದು ನೀವು ಒತ್ತುವುದಕ್ಕಿಂತ ಮೊದಲು ಆಯಿತೋ, ಆಮೇಲೆ ಆಯಿತೋ? ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ. ನೋಡುವವರು ಎಷ್ಟು ವೇಗದಲ್ಲಿ ಹೋಗುತ್ತಿದ್ದಾರೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ನಮ್ಮೂರ ರಸ್ತೆ ಪಕ್ಕದಲ್ಲೇ ಕಾಲ ಇಷ್ಟು ವಿಚಿತ್ರವಾಗಿದೆ.

ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಭಾನುವಾರ ಮನೆಗೆ ಕೆಲವರು ನೋಟ್‌ಬುಕ್ ಹಿಡಿದು ಬರುತ್ತಾರೆ. ವಿದ್ಯಾರ್ಥಿಗಳು, ಒಬ್ಬರು ಎಸ್ಟೇಟ್ ರೈಟರ್, ಬ್ಯಾಂಕಿನಿಂದ ನಿವೃತ್ತರಾದ ಇನ್ನೊಬ್ಬರು. ಎಲ್ಲರ ಹತ್ತಿರವೂ ಕಾಲ ಮತ್ತು ಜಾಗದ ಬಗ್ಗೆ ಒಂದೊಂದು ಊಹೆ ಇರುತ್ತದೆ. ಮೊದಲ ಪುಟದಲ್ಲಿ ಎಲ್ಲರೂ ಒಂದೇ ಪ್ರಶ್ನೆ ಬರೆದಿರುತ್ತಾರೆ: "ಕಾಲ ಎಂದರೇನು?" ಎರಡನೇ ಪುಟ ಖಾಲಿ. ನಾನು ಹೇಳುವುದು ಇಷ್ಟೇ. ಆ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. "ಯಾವುದು ಮೊದಲು, ಯಾವುದು ಆಮೇಲೆ?" ಎಂದು ಕೇಳಿ. ಅದನ್ನು ಎಣಿಸಬಹುದು. ಎಣಿಸಲು ಸಿಕ್ಕಿದ್ದು ಗಣಿತಕ್ಕೆ ಸಿಕ್ಕಿತು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಎರಡು ಮೂರು ಗ್ರಾಫ್ ಶೀಟ್, ಪೆನ್ಸಿಲ್, ಒಂದು ಕೆಂಪು ಪೆನ್ನು, 20 ಚೀಟಿ, ನೇರವಾದ ಒಂದು ಕೋಲು. ಎಸ್ಸೆಸ್ಸೆಲ್ಸಿ ಗಣಿತ ನೆನಪಿದ್ದರೆ ಸಾಕು.

ಮೊದಲ ಹೆಜ್ಜೆ: ಕೋಲು ನೆಟ್ಟು ನೆರಳು ನೋಡಿ

ಊಹೆ ಮಾಡುವ ಮುಂಚೆ ಒಮ್ಮೆ ಕೈಯಾರೆ ಅಳೆಯಿರಿ. ಅಂಗಳದಲ್ಲಿ ಕೋಲನ್ನು ನೇರವಾಗಿ ನೆಡಿ. ಹನ್ನೆರಡು ಗಂಟೆಯಿಂದ ಮುಕ್ಕಾಲು ಗಂಟೆ, ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ನೆರಳು ಅತಿ ಚಿಕ್ಕದಾಗುವುದು ಹನ್ನೆರಡಕ್ಕಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹಾಸನ ಇರುವುದು ಸುಮಾರು 76.1ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಹಾಗಾಗಿ ನಮ್ಮ ನಡುಮಧ್ಯಾಹ್ನ ಸರಾಸರಿ 12 ಗಂಟೆ 25 ನಿಮಿಷದ ಹೊತ್ತಿಗೆ. ಫೆಬ್ರವರಿ ನಡುವಿನಲ್ಲಿ ಅದು 12:40ರ ತನಕ ಹೋಗುತ್ತದೆ, ನವೆಂಬರ್ ಶುರುವಿನಲ್ಲಿ 12:09ಕ್ಕೇ ಬರುತ್ತದೆ. ಏಪ್ರಿಲ್ 24 ಅಥವಾ ಆಗಸ್ಟ್ 18ರ ಆಸುಪಾಸಿನಲ್ಲಿ ಮಾಡಿದರೆ ಇನ್ನೂ ಚೆಂದ. ಆಗ ಸೂರ್ಯ ಹಾಸನದ ನೆತ್ತಿಯ ಮೇಲೇ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ.

"ಗಂಟೆ ಹನ್ನೆರಡು" ಎನ್ನುವುದು ನಾವು ಅಂಟಿಸಿದ ಹೆಸರು. ನೆರಳು ಚಿಕ್ಕದಾದದ್ದು ನಡೆದ ಘಟನೆ. ಹೆಸರನ್ನು ಬದಲಾಯಿಸಬಹುದು, ಘಟನೆಯನ್ನು ಬದಲಾಯಿಸಲು ಆಗುವುದಿಲ್ಲ. ಮುಂದಿನದ್ದೆಲ್ಲ ಈ ವ್ಯತ್ಯಾಸದ ಮೇಲೇ ನಿಂತಿದೆ.

ಎರಡನೇ ಹೆಜ್ಜೆ: ಕಾಲಕ್ಕೂ ದೂರಕ್ಕೂ ಒಂದೇ ಅಳತೆ

ಬೆಳಕು ಒಂದು ನ್ಯಾನೋ ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, 30 ಸೆಂಟಿಮೀಟರ್ ಹೋಗುತ್ತದೆ. ಹತ್ತಿರಹತ್ತಿರ ಒಂದು ಅಡಿ. ಹಾಗಾಗಿ ಕಾಲವನ್ನು ನ್ಯಾನೋ ಸೆಕೆಂಡಿನಲ್ಲೂ ದೂರವನ್ನು ಅಡಿಯಲ್ಲೂ ಬರೆದರೆ ಬೆಳಕಿನ ವೇಗ ಒಂದು. ಗ್ರಾಫಿನಲ್ಲಿ ಬೆಳಕಿನ ದಾರಿ 45 ಡಿಗ್ರಿ ಗೆರೆ.

ಬೇಲೂರು, ಹಳೇಬೀಡಿನ ಗುಡಿಗಳಲ್ಲಿ ನಕ್ಷತ್ರದಂಥ ಜಗತಿ, ಅಂದರೆ ಗುಡಿ ನಿಂತಿರುವ ಕಟ್ಟೆ, ನೋಡಿದ್ದೀರಲ್ಲ. ಒಂದು ಚೌಕವನ್ನು ನಡು ಬಿಂದುವಿನ ಸುತ್ತ ತಿರುಗಿಸುತ್ತಾ ಹೋದರೆ ಆ ಆಕಾರ ಬರುತ್ತದೆ. ತಿರುಗಿಸಿದಾಗ ನಡುವಿನಿಂದ ಮೂಲೆಗೆ ಇರುವ ಅಡ್ಡ ಮತ್ತು ಉದ್ದದ ಅಳತೆಗಳೆರಡೂ ಬದಲಾಗುತ್ತವೆ, ಆದರೆ ಅವುಗಳ ವರ್ಗಗಳ ಮೊತ್ತ ಬದಲಾಗುವುದಿಲ್ಲ. 1908ರಲ್ಲಿ ಗಣಿತಜ್ಞ ಹರ್ಮನ್ ಮಿಂಕೋವ್‌ಸ್ಕಿ ತೋರಿಸಿದ್ದು ಇದೇ ಥರದ ಮಾತು. ಒಬ್ಬರು ನಿಂತಿದ್ದಾರೆ, ಇನ್ನೊಬ್ಬರು ಓಡುತ್ತಿದ್ದಾರೆ. ಎರಡು ಘಟನೆಗಳ ನಡುವಿನ ಕಾಲ ಇಬ್ಬರಿಗೂ ಬೇರೆ, ದೂರವೂ ಬೇರೆ. ಆದರೆ ಕಾಲದ ವರ್ಗದಿಂದ ದೂರದ ವರ್ಗ ಕಳೆದರೆ ಇಬ್ಬರಿಗೂ ಒಂದೇ ಸಂಖ್ಯೆ ಬರುತ್ತದೆ. ಗುಡಿಯಲ್ಲಿ ಕೂಡುವ ಚಿಹ್ನೆ, ಇಲ್ಲಿ ಕಳೆಯುವ ಚಿಹ್ನೆ. ಎಲ್ಲ ವಿಚಿತ್ರವೂ ಆ ಒಂದು ಚಿಹ್ನೆಯಿಂದ.

ಒಂದು ಲೆಕ್ಕ ಮಾಡಿ ಬಿಡಿ. ಹಾಸನದಿಂದ ಚಿಕ್ಕಮಗಳೂರಿಗೆ 60 ಕಿಲೋಮೀಟರ್, ಬಸ್ಸಿಗೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಆ ವೇಗಕ್ಕೆ ನಿಮ್ಮ ಕೈಗಡಿಯಾರ ಹಿಂದೆ ಬೀಳುವುದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಹತ್ತಿರಹತ್ತಿರ 4 ಪಾಲು. ಇನ್ನು ಎತ್ತರದ ಲೆಕ್ಕ. ಮೇಲೆ ಹೋದಷ್ಟೂ ಗಡಿಯಾರ ಚುರುಕಾಗುತ್ತದೆ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ಸುಮಾರು 1,930. ವ್ಯತ್ಯಾಸ 840 ಮೀಟರ್. ಅದನ್ನು 9.8ರಿಂದ ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿ, ದಿನದ 86,400 ಸೆಕೆಂಡಿಗೆ ಗುಣಿಸಿ. ಗಿರಿಯ ಮೇಲಿನ ಗಡಿಯಾರ ದಿನಕ್ಕೆ 8 ನ್ಯಾನೋ ಸೆಕೆಂಡಿನಷ್ಟು ಮುಂದೆ ಹೋಗುತ್ತದೆ. ಅದೇ ಒಂದೂವರೆ ಗಂಟೆ ಬೆಟ್ಟದ ಮೇಲೆ ಸುಮ್ನೆ ಕೂತರೂ ಆಗುವ ವ್ಯತ್ಯಾಸ, ಬಸ್ಸಿನ ವೇಗದಿಂದ ಆಗುವುದಕ್ಕಿಂತ ನೂರು ಪಟ್ಟಿಗೂ ಜಾಸ್ತಿ. ಟೋಕಿಯೋದಲ್ಲಿ 450 ಮೀಟರ್ ಎತ್ತರದ ಗೋಪುರದ ಮಹಡಿಯಲ್ಲಿ ಒಂದು, ಕೆಳಗೆ ಒಂದು ಗಡಿಯಾರ ಇಟ್ಟು ಅಳೆದೇ ಬಿಟ್ಟಿದ್ದಾರೆ. 2020ರಲ್ಲಿ ಫಲಿತಾಂಶ ಬಂತು. ದಿನಕ್ಕೆ 4.26 ನ್ಯಾನೋ ಸೆಕೆಂಡ್, ಸೂತ್ರ ಹೇಳಿದಂತೆಯೇ.

ಇಲ್ಲಿಯವರೆಗೆ ಹೇಳಿದ್ದು ಪರೀಕ್ಷೆಯಲ್ಲಿ ಗೆದ್ದಿರುವ ಸಂಗತಿ. ನೋಟ್‌ಬುಕ್ಕಿನಲ್ಲಿ ಇದನ್ನು ನೀಲಿ ಶಾಯಿಯಲ್ಲಿ ಬರೆಯಿರಿ. ಇನ್ನು ಮುಂದಿನದ್ದು ಊಹೆ. ಅದಕ್ಕೆ ಕೆಂಪು. ಎರಡನ್ನೂ ಕಲಸಬೇಡಿ.

ಮೂರನೇ ಹೆಜ್ಜೆ: ಚೀಟಿ ಎತ್ತಿ

1854ರಲ್ಲೇ ಗಣಿತಜ್ಞ ಬರ್ನ್‌ಹಾರ್ಡ್ ರೀಮಾನ್ ಒಂದು ಉಪನ್ಯಾಸದಲ್ಲಿ ಜಾಗವು ಬಿಡಿಬಿಡಿ ಬಿಂದುಗಳಿಂದ ಆಗಿರಬಹುದೇ ಎಂಬ ಮಾತು ಎತ್ತಿದ್ದರು. ಹಾಗೆ ಆಗಿದ್ದರೆ ಅಳತೆಗೆ ಬೇರೆ ಕೋಲು ಬೇಡ, ಬಿಂದು ಎಣಿಸಿದರೆ ಸಾಕು. 1987ರಲ್ಲಿ ಬಾಂಬೆಲ್ಲಿ, ಲೀ, ಮೇಯರ್ ಮತ್ತು ಸಾರ್ಕಿನ್ ಎಂಬ ನಾಲ್ವರು ವಿಜ್ಞಾನಿಗಳು ಈ ಆಲೋಚನೆಗೆ ಕಾಲವನ್ನೂ ಸೇರಿಸಿದರು. ವಿಶ್ವ ಎಂದರೆ ಬಿಡಿ ಘಟನೆಗಳ ಒಂದು ರಾಶಿ, ಮತ್ತು ಯಾವುದು ಯಾವುದಕ್ಕಿಂತ ಮೊದಲು ಎಂಬ ಪಟ್ಟಿ. ಅಷ್ಟೇ, ಬೇರೇನೂ ಇಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸುಮತಿ ಸೂರ್ಯ ಅವರು ಇದೇ ವಿಷಯದಲ್ಲಿ ಕೆಲಸ ಮಾಡಿದ್ದಾರೆ. ಇದು ನಿಜ ಎಂದು ಇನ್ನೂ ಯಾರೂ ಸಾಬೀತು ಮಾಡಿಲ್ಲ. ಆದರೆ ಮನೆಯಲ್ಲಿ ಕೂತು ಕೈಯಲ್ಲಿ ಮಾಡಿ ನೋಡಬಹುದಾದ ಊಹೆ ಇದು. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಮಾಡುವ ರೀತಿ ಹೀಗೆ. ಮೊದಲ ಸಲ 10 ಚೀಟಿ ಸಾಕು. 1ರಿಂದ 10 ಬರೆದು ಡಬ್ಬಿಗೆ ಹಾಕಿ ಕುಲುಕಿ. ಒಂದೊಂದೇ ಎತ್ತುತ್ತಾ ಬಂದ ಸಂಖ್ಯೆ ಬರೆದುಕೊಳ್ಳಿ. ನನಗೆ ಒಮ್ಮೆ ಬಂದ ಸಾಲು ಇದು:

7, 3, 9, 1, 5, 10, 2, 8, 4, 6

ಗ್ರಾಫಿನ ಮೊದಲ ಕಂಬದಲ್ಲಿ 7ನೇ ಮನೆಗೆ ಚುಕ್ಕಿ, ಎರಡನೇ ಕಂಬದಲ್ಲಿ 3ನೇ ಮನೆಗೆ, ಹೀಗೆ ಹತ್ತೂ ಚುಕ್ಕಿ ಇಡಿ. ಈಗ ಶೀಟನ್ನು ಓರೆಯಾಗಿ, ಮೂಲೆ ಕೆಳಗೆ ಬರುವಂತೆ ಹಿಡಿಯಿರಿ. ಶುರುವಿನ ಮೂಲೆ ಕೆಳಗೆ, ಎದುರಿನ ಮೂಲೆ ಮೇಲೆ. ಕೆಳಗಿಂದ ಮೇಲಕ್ಕೆ ಕಾಲ, ಅಡ್ಡಕ್ಕೆ ಜಾಗ. ಶೀಟಿನ ಗೆರೆಗಳೇ ಬೆಳಕಿನ ದಾರಿಗಳು.

ಸುಮ್ನೆ ರಾಗಿ ಕಾಳು ಎಸೆದರೆ ಆಗಲ್ವಾ ಎಂದು ಕೇಳುತ್ತಾರೆ. ಕೈಯಿಂದ ಎಸೆದ ಕಾಳು ನಡುವೆ ಗುಂಪಾಗುತ್ತದೆ. ಚೀಟಿಯಲ್ಲಿ ಆ ಪಕ್ಷಪಾತ ಇಲ್ಲ.

ನಾಲ್ಕನೇ ಹೆಜ್ಜೆ: ಜೋಡಿ ಎಣಿಸಿ, ಸರಪಳಿ ಎಣಿಸಿ

ನಿಯಮ ಒಂದೇ. ಸಾಲಿನಲ್ಲಿ ಆಮೇಲೆ ಬಂದು, ಸಂಖ್ಯೆಯೂ ದೊಡ್ಡದಾಗಿದ್ದರೆ ಆ ಘಟನೆ ಮೊದಲಿನದ್ದರ ಮುಂದಿನ ಕಾಲದಲ್ಲಿದೆ. 3 ಆದ ಮೇಲೆ 5 ಬಂದಿದೆ, 3ರಿಂದ 5ಕ್ಕೆ ಸುದ್ದಿ ತಲುಪಬಹುದು. 7 ಆದ ಮೇಲೆ 3 ಬಂದಿದೆ, ಆದರೆ 3 ಚಿಕ್ಕದು. ಆ ಎರಡರ ನಡುವೆ ಮೊದಲು-ಆಮೇಲೆ ಅನ್ನುವುದೇ ಇಲ್ಲ. ಎಂಸಿಎಫ್ ಗುಂಡಿ ಮತ್ತು ಉಪಗ್ರಹದ ಕಥೆಯೇ ಇದು.

ಒಟ್ಟು ಜೋಡಿ 45. ನನ್ನ ಸಾಲಿನಲ್ಲಿ ಮೊದಲು-ಆಮೇಲೆ ಸಂಬಂಧ ಇರುವ ಜೋಡಿಗಳನ್ನು ಎಣಿಸಿದರೆ: 7ಕ್ಕೆ 3, 3ಕ್ಕೆ 6, 9ಕ್ಕೆ 1, 1ಕ್ಕೆ 6, 5ಕ್ಕೆ 3, 10ಕ್ಕೆ ಇಲ್ಲ, 2ಕ್ಕೆ 3, 8ಕ್ಕೆ ಇಲ್ಲ, 4ಕ್ಕೆ 1. ಒಟ್ಟು 23. ಹೆಚ್ಚುಕಮ್ಮಿ ಅರ್ಧ. ನೀವು ಎಷ್ಟು ಸಲ ಮಾಡಿದರೂ ಸರಾಸರಿ ಅರ್ಧಕ್ಕೇ ಬರುತ್ತದೆ.

ಅರ್ಧ ಏಕೆ ಮುಖ್ಯ? ಜಾಗಕ್ಕೆ ಒಂದು ಆಯಾಮ, ಅಂದರೆ ಒಂದೇ ಗೆರೆಯ ಮೇಲೆ ಓಡಾಟ, ಕಾಲಕ್ಕೆ ಒಂದು ಆಯಾಮ ಇರುವ ಲೋಕದ ಗುರುತು ಅದು. ಎರಡು ಜಾಗ, ಒಂದು ಕಾಲ ಇದ್ದರೆ ಈ ಪಾಲು 35ರಲ್ಲಿ 8 ಆಗುತ್ತದೆ. ನಮ್ಮ ಹಾಗೆ ಮೂರು ಜಾಗ, ಒಂದು ಕಾಲ ಇದ್ದರೆ ಹತ್ತರಲ್ಲಿ ಒಂದು. ಅಂದರೆ ಯಾರಾದರೂ ನಿಮಗೆ ಚಿತ್ರ ತೋರಿಸದೆ, ಬರೀ ಮೊದಲು-ಆಮೇಲೆ ಪಟ್ಟಿ ಕೊಟ್ಟರೂ, ಆ ಲೋಕಕ್ಕೆ ಎಷ್ಟು ಆಯಾಮ ಎಂದು ನೀವು ಹೇಳಬಹುದು! ನಾನು ಮೊದಲ ಸಲ ಇದನ್ನು ಕೈಯಲ್ಲಿ ಎಣಿಸಿದ ರಾತ್ರಿ ಮಲಗಲು ಆಗಲಿಲ್ಲ. ಆಯಾಮ ಎನ್ನುವುದು ಮೊದಲೇ ಹಾಕಿಟ್ಟ ಚೌಕಟ್ಟು ಎಂದುಕೊಂಡಿದ್ದೆ. ಅದು ಎಣಿಕೆಯಿಂದ ಹೊರಬರುತ್ತದೆ.

ಈಗ ಸರಪಳಿ. ಒಂದರ ಮುಂದೆ ಒಂದು ಬರುವ ಹಾಗೆ ಚುಕ್ಕಿಗಳನ್ನು ಕೆಂಪು ಪೆನ್ನಿನಿಂದ ಸೇರಿಸಿ, ಆದಷ್ಟು ಉದ್ದದ ಸರಪಳಿ ಹುಡುಕಿ. ನನ್ನ ಸಾಲಿನಲ್ಲಿ ಅದು 1, 2, 4, 6. ನಾಲ್ಕು ಕೊಂಡಿ. ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ಹೋದ ಗಡಿಯಾರ ಎಷ್ಟು ಸಲ ಟಿಕ್ ಅಂದಿತು ಎಂಬುದೇ ಈ ಕೊಂಡಿಗಳ ಎಣಿಕೆ. ಇನ್ನೊಬ್ಬ ಪ್ರಯಾಣಿಕ 10ನೇ ಸಂಖ್ಯೆಯ ಚುಕ್ಕಿಯನ್ನು ಮುಟ್ಟಿಕೊಂಡೇ ಹೋಗಬೇಕು ಅಂದುಕೊಳ್ಳಿ. ಅವನಿಗೆ 3, 5, 10 ಥರದ ಮೂರು ಕೊಂಡಿ ಮಾತ್ರ ಸಿಗುತ್ತದೆ. ಪಕ್ಕಕ್ಕೆ ಹೋಗಿ ಬಂದವನಿಗೆ ಕಡಿಮೆ ಕಾಲ ಕಳೆದಿದೆ. ಅವಳಿಗಳಲ್ಲಿ ಒಬ್ಬ ಅಂತರಿಕ್ಷಕ್ಕೆ ಹೋಗಿ ಬಂದರೆ ಅವನ ವಯಸ್ಸು ಕಡಿಮೆ ಇರುತ್ತದೆ ಎಂದು ಕೇಳಿದ್ದೀರಲ್ಲ. ಅದು ಇಲ್ಲಿ ಹತ್ತು ಚೀಟಿಯಲ್ಲಿ ಕಾಣುತ್ತದೆ.

ಚೀಟಿಗಳನ್ನು 20ಕ್ಕೆ ಏರಿಸಿ. ಸರಪಳಿ ಸಾಮಾನ್ಯವಾಗಿ ಆರೋ ಏಳೋ ಬರುತ್ತದೆ. 100 ಚೀಟಿಗೆ ಹದಿನಾರು-ಹದಿನೇಳರ ಹತ್ತಿರ. ಚುಕ್ಕಿ ತುಂಬಾ ಜಾಸ್ತಿ ಆದಂತೆ ಸರಪಳಿಯ ಉದ್ದ ಚುಕ್ಕಿಗಳ ಸಂಖ್ಯೆಯ ವರ್ಗಮೂಲದ ಎರಡರಷ್ಟಕ್ಕೆ ಹತ್ತಿರವಾಗುತ್ತಾ ಹೋಗುತ್ತದೆ. ವಿಸ್ತೀರ್ಣ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟು. ಮಿಂಕೋವ್‌ಸ್ಕಿ ಲೆಕ್ಕವೂ ಇದನ್ನೇ ಹೇಳುತ್ತದೆ.

ಐದನೇ ಹೆಜ್ಜೆ: ಹಿಗ್ಗಿಸಿ ನೋಡಿ

ಮೂಡಿಗೆರೆ ಕಡೆಯ ಒಬ್ಬ ಹುಡುಗಿ ಇಲ್ಲಿ ನಿಲ್ಲಿಸಿದಳು. "ಸರ್, ಚೀಟಿ ಯಾಕೆ? ರಂಗೋಲಿ ಚುಕ್ಕಿ ಥರ ಸಮವಾಗಿ ಇಟ್ಟರೆ ಆಗಲ್ವಾ? ಲೆಕ್ಕ ಸುಲಭ." ಒಳ್ಳೆಯ ಪ್ರಶ್ನೆ. ಇಡೀ ವಿಷಯದ ಗಂಟು ಇಲ್ಲೇ ಇದೆ.

ಓಡುತ್ತಿರುವವರ ಕಣ್ಣಿಗೆ ನಮ್ಮ ಶೀಟ್ ಹೇಗೆ ಕಾಣುತ್ತದೆ? ಒಂದು ಅಂಚಿನ ದಿಕ್ಕಿನಲ್ಲಿ ಹಿಗ್ಗಿ, ಇನ್ನೊಂದು ಅಂಚಿನ ದಿಕ್ಕಿನಲ್ಲಿ ಅಷ್ಟೇ ಕುಗ್ಗಿ ಕಾಣುತ್ತದೆ. ಕಂಬದ ಸಂಖ್ಯೆಗಳನ್ನೆಲ್ಲ 4ರಿಂದ ಗುಣಿಸಿ, ಮನೆಯ ಸಂಖ್ಯೆಗಳನ್ನೆಲ್ಲ 4ರಿಂದ ಭಾಗಿಸಿ ಇನ್ನೊಂದು ಶೀಟಿನಲ್ಲಿ ಬರೆಯಿರಿ. ವಿಸ್ತೀರ್ಣ ಅಷ್ಟೇ ಇರುತ್ತದೆ. ಚುಕ್ಕಿಗಳ ಸಂಖ್ಯೆ ಅಷ್ಟೇ. ದೊಡ್ಡದು ದೊಡ್ಡದಾಗಿಯೇ, ಚಿಕ್ಕದು ಚಿಕ್ಕದಾಗಿಯೇ ಉಳಿದ ಕಾರಣ ಮೊದಲು-ಆಮೇಲೆ ಪಟ್ಟಿಯಲ್ಲಿ ಒಂದು ಜೋಡಿಯೂ ಬದಲಾಗುವುದಿಲ್ಲ.

ಆದರೆ ರಂಗೋಲಿ ಚುಕ್ಕಿಯನ್ನು ಹೀಗೆ ಹಿಗ್ಗಿಸಿದರೆ? ಒಂದು ಕಡೆ ಚುಕ್ಕಿಗಳು ಒತ್ತೊತ್ತಾಗಿ ಗೆರೆಯಂತೆ ಆಗುತ್ತವೆ, ಗೆರೆಗಳ ನಡುವೆ ದೊಡ್ಡ ಖಾಲಿ ಜಾಗ. ಅದನ್ನು ನೋಡಿಯೇ "ನಾನು ಓಡುತ್ತಿದ್ದೇನೆ" ಎಂದು ಹೇಳಬಹುದು. ನಿಂತವರಿಗೆ ಒಂದು ವಿಶೇಷ ಸ್ಥಾನ ಸಿಕ್ಕಿಬಿಟ್ಟಿತು. ಒಂದೇ ವೇಗದಲ್ಲಿ ಓಡುವವರಿಗೂ ನಿಂತವರಿಗೂ ನಿಯಮ ಒಂದೇ ಎನ್ನುವ ಐನ್‌ಸ್ಟೈನ್ ಸಾಪೇಕ್ಷತೆ ಇದನ್ನು ಒಪ್ಪುವುದಿಲ್ಲ. ನಾನು ಅವಳಿಗೆ ಅವರ ತೋಟದ ಕಣ ನೆನಪಿಸಿದೆ. ಒಣಗಲು ಹರಡಿದ ಕಾಫಿ ಹಣ್ಣಿಗೆ ಸಾಲಿಲ್ಲ, ಕ್ರಮವಿಲ್ಲ. ಯಾವ ಮೂಲೆಯಿಂದ ನೋಡಿದರೂ ಒಂದೇ ಥರ. ತುಂಬಾ ದೊಡ್ಡ ಶೀಟಿನಲ್ಲಿ ಚೀಟಿ ಎತ್ತಿ ಚುಕ್ಕಿ ಇಟ್ಟು, ಹಿಗ್ಗಿಸಿ, ನಡುವಿನಿಂದ ಒಂದು ಚೌಕ ಕತ್ತರಿಸಿದರೆ ಅದು ಹಿಗ್ಗಿಸಿದ್ದೋ ಹಿಗ್ಗಿಸದ್ದೋ ಎಂದು ಹೇಳಲು ಬರುವುದಿಲ್ಲ.

ಆರನೇ ಹೆಜ್ಜೆ: ನಿಮ್ಮ ಊಹೆ, ಆದರೆ ಒಂದೇ ಬದಲಾವಣೆ

ಈಗ ನಿಮ್ಮ ನೋಟ್‌ಬುಕ್ ತೆಗೆಯಿರಿ. ಗೊತ್ತಿರುವ ನಿಯಮಗಳಲ್ಲಿ ಒಂದನ್ನು ಮಾತ್ರ ಬದಲಾಯಿಸಿ, ಮಿಕ್ಕಿದ್ದು ಹಾಗೇ ಇರಲಿ. ಎರಡು ಬದಲಾಯಿಸಿದರೆ ತಪ್ಪು ಎಲ್ಲಿಂದ ಬಂತು ಎಂದೇ ತಿಳಿಯುವುದಿಲ್ಲ.

ಉದಾಹರಣೆಗೆ, ಜಾಗಕ್ಕೆ ಮೂರರ ಬದಲು ನಾಲ್ಕು ಆಯಾಮ ಇದ್ದರೆ? ಗುರುತ್ವ ದೂರದ ವರ್ಗಕ್ಕೆ ತಕ್ಕಂತೆ ಅಲ್ಲ, ಘನಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. 1917ರಲ್ಲಿ ಪಾಲ್ ಎಹ್ರೆನ್‌ಫೆಸ್ಟ್ ಲೆಕ್ಕ ಹಾಕಿ ತೋರಿಸಿದರು, ಅಂಥ ಲೋಕದಲ್ಲಿ ಗ್ರಹಗಳ ಕಕ್ಷೆ ನಿಲ್ಲುವುದಿಲ್ಲ. ಸ್ವಲ್ಪ ತಳ್ಳಿದರೂ ಸೂರ್ಯನಿಗೆ ಬೀಳುತ್ತವೆ ಅಥವಾ ದೂರ ಹಾರಿ ಹೋಗುತ್ತವೆ.

ಥಿಯೋಡರ್ ಕಲುಜಾ ಬೇರೆ ದಾರಿ ಹಿಡಿದರು. 1921ರಲ್ಲಿ ಪ್ರಕಟವಾದ ಅವರ ಊಹೆಯಲ್ಲಿ ಗುರುತ್ವವನ್ನು ವಿವರಿಸುವ ಐನ್‌ಸ್ಟೈನ್ ಸಮೀಕರಣಗಳಿಗೆ ಐದನೇ ಆಯಾಮ ಸೇರಿತು. ಎಣಿಸಿ ನೋಡಿ. ಕಾಲವೂ ಸೇರಿ ನಾಲ್ಕು ಆಯಾಮದಲ್ಲಿ, ಘಟನೆಗಳ ನಡುವಿನ ಅಂತರ ಲೆಕ್ಕ ಹಾಕುವ ಕೋಷ್ಟಕಕ್ಕೆ 10 ಸಂಖ್ಯೆ ಬೇಕು, ಐದರಲ್ಲಿ 15. ಹತ್ತು ಗುರುತ್ವಕ್ಕೆ ಹೋದವು, ನಾಲ್ಕು ವಿದ್ಯುತ್ಕಾಂತಕ್ಕೆ. ವಿದ್ಯುತ್ತು ಮತ್ತು ಕಾಂತದ ನಿಯಮಗಳಾದ ಮ್ಯಾಕ್ಸ್‌ವೆಲ್ ಸಮೀಕರಣಗಳು ತಾವಾಗಿಯೇ ಹೊರಬಂದವು. ಒಂದು ಸಂಖ್ಯೆ ಉಳಿಯಿತು. ಆ ಉಳಿದ ಒಂದಕ್ಕೆ ಲೆಕ್ಕ ಕೊಡಬೇಕಾಯಿತು. ಊಹೆ ಎಷ್ಟೇ ಚೆಂದ ಇದ್ದರೂ ಉಳಿಕೆಯನ್ನು ಮುಚ್ಚಿಡುವ ಹಾಗಿಲ್ಲ.

1949ರಲ್ಲಿ ಕರ್ಟ್ ಗಡೆಲ್ ಐನ್‌ಸ್ಟೈನ್ ಸಮೀಕರಣಗಳಿಗೇ ಒಂದು ಪರಿಹಾರ ಕಂಡುಹಿಡಿದರು. ಆ ವಿಶ್ವ ತಿರುಗುತ್ತಿರುತ್ತದೆ, ಅದರಲ್ಲಿ ಪ್ರಯಾಣಿಸಿದವರು ತಮ್ಮ ಹಿಂದಿನ ಕಾಲಕ್ಕೇ ಬಂದು ಸೇರಬಹುದು. ಗಣಿತದಲ್ಲಿ ತಪ್ಪಿಲ್ಲ. ಆದರೆ ಆ ವಿಶ್ವ ಹಿಗ್ಗುವುದಿಲ್ಲ, ನಮ್ಮದು ಹಿಗ್ಗುತ್ತಿದೆ.

ಏಳನೇ ಹೆಜ್ಜೆ: ಲೆಕ್ಕ ಒಪ್ಪಿಸಿ

ಮೊದಲು ಮಾನಗಳು. ಎಡಗಡೆ ಸೆಕೆಂಡ್ ಇದ್ದರೆ ಬಲಗಡೆಯೂ ಸೆಕೆಂಡ್ ಬರಬೇಕು. ಕೆಲವು ವರ್ಷದ ಹಿಂದೆ ನಾನೇ ಬರೆದ ಒಂದು ಸಮೀಕರಣದಲ್ಲಿ ಬೆಳಕಿನ ವೇಗ ಒಂದು ಕಡೆ ಬಿಟ್ಟುಹೋಗಿತ್ತು. ನಾಲ್ಕು ತಿಂಗಳ ಕೆಲಸ ಹೋಯಿತು, ತುಂಬಾ ನೋವಾಯಿತು. ಆಮೇಲೆ ಪ್ರತಿ ಸಾಲಿನ ಪಕ್ಕ ಮಾನ ಬರೆಯುವ ರೂಢಿ ಮಾಡಿಕೊಂಡೆ. ನೀವು ಮೊದಲ ದಿನದಿಂದಲೇ ಮಾಡಿ.

ಆಮೇಲೆ ಹಳೆಯ ಉತ್ತರಗಳು. ನಿಮ್ಮ ಊಹೆಯಿಂದ ಮುಳ್ಳಯ್ಯನಗಿರಿಯ 8 ನ್ಯಾನೋ ಸೆಕೆಂಡ್ ಬರುತ್ತದಾ? ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ 38 ಮೈಕ್ರೋ ಸೆಕೆಂಡ್ ಮುಂದೆ ಹೋಗುವುದು ಬರುತ್ತದಾ? ಅದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕದಲ್ಲಿ ದಿನಕ್ಕೆ ಹತ್ತು ಕಿಲೋಮೀಟರಿಗೂ ಜಾಸ್ತಿ ತಪ್ಪು ಸೇರುತ್ತಾ ಹೋಗುತ್ತದೆ. ಬರದಿದ್ದರೆ ಊಹೆಯನ್ನು ತಿದ್ದಿ, ಜಿಪಿಎಸ್ಸನ್ನು ತಿದ್ದಲು ಹೋಗಬೇಡಿ.

ಕೊನೆಗೆ ಹೊಸ ಸಂಖ್ಯೆ. ಯಾವ ಅಳತೆ ಬಂದರೆ ನಿಮ್ಮ ಊಹೆ ಬಿದ್ದುಹೋಗುತ್ತದೆ ಎಂದು ಮೊದಲೇ ಬರೆದಿಡಿ. ಜಾಗ ಬಿಡಿಬಿಡಿಯಾಗಿದ್ದರೆ ಆ ಬಿಡಿ ತುಣುಕಿನ ಅಳತೆ ಪ್ಲಾಂಕ್ ಉದ್ದದಷ್ಟು ಇರಬಹುದು ಎನ್ನುತ್ತಾರೆ. ಮೀಟರಿನಲ್ಲಿ ಬರೆದರೆ ದಶಮಾಂಶ ಚುಕ್ಕಿಯ ನಂತರ 34 ಸೊನ್ನೆ, ಆಮೇಲೆ 16. ಇಷ್ಟು ಸಣ್ಣದನ್ನು ಪರೀಕ್ಷೆ ಮಾಡುವುದು ಹೇಗೆ? ಕೆಲವು ಊಹೆಗಳ ಪ್ರಕಾರ ಅಂಥ ಜಾಗದಲ್ಲಿ ಶಕ್ತಿ ಜಾಸ್ತಿ ಇರುವ ಬೆಳಕು ಸ್ವಲ್ಪ ತಡವಾಗಿ ಬರಬೇಕು. 2009ರ ಮೇ 10ರಂದು ಬಾಹ್ಯಾಕಾಶದಲ್ಲಿರುವ ಫರ್ಮಿ ದೂರದರ್ಶಕಕ್ಕೆ ಗಾಮಾ ಕಿರಣಗಳ ಒಂದು ಸ್ಫೋಟ ಕಂಡಿತು. ಬೆಳಕು 700 ಕೋಟಿ ವರ್ಷಕ್ಕೂ ಜಾಸ್ತಿ ಪ್ರಯಾಣ ಮಾಡಿ ಬಂದಿತ್ತು. ಅದರಲ್ಲಿ ತುಂಬಾ ಶಕ್ತಿಯ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಕೂಡ ಸ್ಫೋಟ ಶುರುವಾದ ಒಂದು ಸೆಕೆಂಡಿನ ಒಳಗೇ ಬಂದು ಸೇರಿತು. ತಡವಾಗಬೇಕು ಎಂದಿದ್ದ ಊಹೆಗಳಲ್ಲಿ ಸರಳವಾದವು ಅಲ್ಲಿಗೆ ನಿಂತವು. ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಥರ ಚೆಲ್ಲಿದ ಚುಕ್ಕಿಗಳ ಊಹೆಗೆ ಏನೂ ಆಗಲಿಲ್ಲ, ಏಕೆಂದರೆ ಅದು ಯಾವ ಓಟಗಾರನಿಗೂ ವಿಶೇಷ ಸ್ಥಾನ ಕೊಟ್ಟಿರಲಿಲ್ಲ.

ಮುಂದಿನ ಭಾನುವಾರಕ್ಕೆ ಒಂದು ಕೆಲಸ

ಆ ಮೂಡಿಗೆರೆ ಹುಡುಗಿ ಮನೆಗೆ ಹೋಗಿ ಇನ್ನೊಂದು ಡಬ್ಬಿ ಚೀಟಿ ಮಾಡಿದಳು. ಎರಡರ ಬದಲು ಮೂರು ಸಂಖ್ಯೆ, ಮೂರೂ ದೊಡ್ಡದಾಗಿದ್ದರೆ ಮಾತ್ರ "ಆಮೇಲೆ". ಎರಡು ಜಾಗ, ಒಂದು ಕಾಲದ ಲೋಕ ಸಿಗಬೇಕು ಎಂದು ಅವಳ ನಿರೀಕ್ಷೆ. 20 ಚೀಟಿಗೆ 190 ಜೋಡಿ, 35ರಲ್ಲಿ 8ರಂತೆ 43 ಜೋಡಿ ಸಿಗಬೇಕಿತ್ತು. ಅವಳ ಸರಾಸರಿ ಮತ್ತೆ ಮತ್ತೆ 47ರ ಹತ್ತಿರ ನಿಂತಿತು, ಅಂದರೆ ಕಾಲು ಭಾಗ. ಅವಳ ಎಣಿಕೆಯಲ್ಲಿ ತಪ್ಪಿರಲಿಲ್ಲ. ಮೂರು ಚೀಟಿಯ ನಿಯಮದಲ್ಲಿ ಬೆಳಕು ಹರಡುವ ಆಕಾರ ಮುಮ್ಮೂಲೆಯಾಗುತ್ತದೆ. ನಿಜವಾದ ಬೆಳಕು ಎಲ್ಲ ದಿಕ್ಕಿಗೂ ಸಮವಾಗಿ, ದುಂಡಗೆ ಹರಡುತ್ತದೆ. ನೀವೂ ಮೊದಲು ಅವಳ ಥರವೇ ಮಾಡಿ. ಆಮೇಲೆ ನಿಯಮ ಬದಲಾಯಿಸಿ: ಕಾಲದ ವ್ಯತ್ಯಾಸದ ವರ್ಗ, ಎರಡು ದೂರಗಳ ವರ್ಗಗಳ ಮೊತ್ತಕ್ಕಿಂತ ದೊಡ್ಡದಿದ್ದರೆ ಮಾತ್ರ "ಆಮೇಲೆ". ಚುಕ್ಕಿಗಳನ್ನು ಎರಡು ತುದಿ ಚೂಪಾದ, ಬುಗುರಿಯಂಥ ಆಕಾರದ ಒಳಗೆ ಮಾತ್ರ ಇಟ್ಟುಕೊಳ್ಳಿ. ಇಪ್ಪತ್ತು ಸಾಲುವುದಿಲ್ಲ, ನೂರು ಚುಕ್ಕಿ ಬೇಕು, 4,950 ಜೋಡಿ. ಕೈಯಲ್ಲಿ ಎಣಿಸಿದರೆ ಒಂದು ಪೂರ್ತಿ ದಿನ ಹಿಡಿಯುತ್ತದೆ. ಅವಳು ಈಗ ಅದರ ಅರ್ಧದಲ್ಲಿದ್ದಾಳೆ.